ಒಂದು ಕಣ್ಣು ಮುಚ್ಚಿದಾಗ, ಎರಡೂ ಮುಚ್ಚಿದಾಗ: ಊಸರವಳ್ಳಿಗೆ ನಾನು ಮಾಡಿ ನೋಡಿದ ಉಪಚಾರಗಳ ಹೋಲಿಕೆ

ಹಗಲಿನಲ್ಲಿ ಕಣ್ಣು ಮುಚ್ಚಿ ಕುಳಿತ ಊಸರವಳ್ಳಿಯನ್ನು ಕಂಡು, ನಿದ್ದೆ ಮಾಡುತ್ತಿರಬೇಕು ಎಂದುಕೊಂಡು ನಾನು ಒಂದಿಡೀ ದಿನವನ್ನು ಕಳೆದುಕೊಂಡೆ. ಆರೋಗ್ಯವಾಗಿರುವ ಊಸರವಳ್ಳಿ ಬೆಳಕು ಆರಿದ ಮೇಲಷ್ಟೇ ಕಣ್ಣು ಮುಚ್ಚಿ ಮಲಗುತ್ತದೆ. ನಾನು ಸಾಕಿರುವ ವೇಲ್ಡ್ ಜಾತಿಯ ಗಂಡಿಗೆ ಮೂರು ವರ್ಷಗಳಲ್ಲಿ ಎರಡು ಬಾರಿ ಕಣ್ಣಿನ ತೊಂದರೆ ಬಂದಿತು. ಮೊದಲ ಸಲ ಎಡಗಣ್ಣು ಮಾತ್ರ ಮುಚ್ಚಿತ್ತು, ಎರಡನೆಯ ಸಲ ಎರಡೂ ಮುಚ್ಚಿದ್ದವು. ಒಂದಕ್ಕೆ ಫಲಿಸಿದ ಉಪಚಾರ ಇನ್ನೊಂದಕ್ಕೆ ಏಕೆ ಫಲಿಸಲಿಲ್ಲ ಎಂಬುದು ಈ ವ್ಯತ್ಯಾಸದಲ್ಲೇ ಅಡಗಿತ್ತು.

ಎಡಗಣ್ಣು ಮುಚ್ಚಿದ್ದು ಪೊರೆ ಬಿಟ್ಟ ಮರುದಿನ. ಊಸರವಳ್ಳಿಯ ರೆಪ್ಪೆಗಳು ಬೆಸೆದುಕೊಂಡು ಗೋಪುರದಂತೆ ಉಬ್ಬಿರುತ್ತವೆ; ಪಾಪೆಯ ಎದುರಿಗೆ ಸಣ್ಣ ಕಿಂಡಿಯೊಂದು ಮಾತ್ರ ತೆರೆದಿರುವುದರಿಂದ, ಒಳಗೆ ಸಿಕ್ಕಿಕೊಂಡ ಪೊರೆಯ ಚೂರಾಗಲಿ ಧೂಳಾಗಲಿ ತಾನಾಗಿ ಬೀಳುವುದಿಲ್ಲ. ಅದನ್ನು ಹೊರದೂಡಲು ಪ್ರಾಣಿ ಕಣ್ಣನ್ನು ಉಬ್ಬಿಸಿ, ಹೊರಳಿಸಿ, ಕೊಂಬೆಗೆ ಒತ್ತಿ ಉಜ್ಜುತ್ತದೆ. ಮೊದಲ ಸಲ ನೋಡಿದವರಿಗೆ ಕಣ್ಣೇ ಕಿತ್ತು ಬರುತ್ತಿದೆಯೇನೋ ಅನ್ನಿಸಿದರೂ ಅದು ತೊಳೆದುಕೊಳ್ಳುವ ಕ್ರಮ, ಮತ್ತು ಅದಕ್ಕೆ ನೀರು ಬೇಕು. ಹಾಗಾಗಿ ಗೂಡಿನೊಳಗೆ ದಿನಕ್ಕೆರಡು ಸಲ, ಪ್ರತಿ ಸಲ 20 ನಿಮಿಷ, ಉಗುರುಬೆಚ್ಚಗಿನ ನೀರನ್ನು ಮಂಜಿನಂತೆ ಸಿಂಪಡಿಸಿದೆ. ಮುಖಕ್ಕೆ ನೇರವಾಗಿ ಅಲ್ಲ, ಮೇಲಿನ ಎಲೆಗಳ ಮೇಲೆ.

ಎರಡನೆಯ ದಿನ ತಾಳ್ಮೆಗೆಟ್ಟು 0.9 ಪ್ರತಿಶತದ ಶುದ್ಧ ಉಪ್ಪುನೀರಿನ ಹನಿಗಳನ್ನು ಹಾಕಲು ಹೋದೆ. ಕೈಗೆ ತೆಗೆದುಕೊಂಡ ಕೂಡಲೇ ಅದು ಕಪ್ಪಾಗಿ, ಬುಸುಗುಟ್ಟಿ, ಕಿಂಡಿಯನ್ನು ಎಷ್ಟು ಬಿಗಿಯಾಗಿ ಮುಚ್ಚಿಕೊಂಡಿತೆಂದರೆ ಹನಿಗಳೆಲ್ಲ ಕೆನ್ನೆಯ ಮೇಲೆ ಇಳಿದುಹೋದವು. ಮೂರನೆಯ ದಿನ, ಸಿಂಪಡಣೆಯ ನಡುವೆ, ಅದು ಕಣ್ಣನ್ನು ಉಬ್ಬಿಸಿ ಪೊರೆಯ ತುಣುಕೊಂದನ್ನು ತಾನೇ ಹೊರಹಾಕಿತು. ಉಪ್ಪುನೀರು ಅದನ್ನು ಸಡಿಲಿಸಿರಲೂಬಹುದು. ಆದರೆ ಒಳಗೆ ಹೋದ ಹನಿ ಒಂದೋ ಎರಡೋ ಆಗಿದ್ದರಿಂದ, ಗೆಲುವನ್ನು ನಾನು ಸಿಂಪಡಣೆಗೇ ಕೊಡುತ್ತೇನೆ.

ಈ ಗೆಲುವಿನ ನೆನಪೇ ಎರಡನೆಯ ಸಲ ನನ್ನನ್ನು ದಾರಿ ತಪ್ಪಿಸಿತು. ಎರಡೂ ಕಣ್ಣುಗಳಿಗೆ ಒಂದೇ ದಿನ ಪೊರೆಯ ಚೂರು ಹೊಕ್ಕುವ ಸಂಭವ ಕಡಿಮೆ ಎಂದು ಯೋಚಿಸದೆ ನಾಲ್ಕು ದಿನ ಸಿಂಪಡಿಸುತ್ತಲೇ ಇದ್ದೆ. ಊಸರವಳ್ಳಿ ಒಂದೇ ಕಣ್ಣಿನಿಂದಲೂ ಬೇಟೆಯ ದೂರವನ್ನು ಅಳೆಯಬಲ್ಲದಾದ್ದರಿಂದ ಮೊದಲ ಸಲ ಅದು ಗುರಿ ತಪ್ಪುತ್ತಲಾದರೂ ಹುಳು ಹಿಡಿಯುತ್ತಿತ್ತು. ಈ ಸಲ ಆಹಾರವೇ ನಿಂತಿತು, ಎಲೆಯ ಮೇಲಿನ ಹನಿಗಳನ್ನು ಹುಡುಕಿ ಕುಡಿಯುವುದೂ ಕಡಿಮೆಯಾಯಿತು, ಕಣ್ಣಿನ ಗೋಪುರಗಳು ಒಳಸರಿಯತೊಡಗಿದವು. ಅದು ನಿರ್ಜಲೀಕರಣದ ಲಕ್ಷಣ.

ಆಗ ನನ್ನ ಮುಂದೆ ಎರಡು ದಾರಿಗಳಿದ್ದವು: ವಿಟಮಿನ್ ಎ ಕೊಡುವುದು, ಇಲ್ಲವೇ ದೀಪ ಬದಲಿಸುವುದು. ವಿಟಮಿನ್ ಎ ಕೊರತೆಯಾದರೆ ಕಣ್ಣಿನ ಒಳಪೊರೆ ದಪ್ಪಗಾಗಿ ರೆಪ್ಪೆ ಊದಿಕೊಳ್ಳುತ್ತದೆ ಎಂದು ಓದಿದ್ದ ನಾನು ಮೊದಲು ಅದನ್ನೇ ನಂಬಿ, ಒಂದು ವಾರದಲ್ಲಿ ಎರಡು ಸಲ ರೆಟಿನಾಲ್ (ಸಿದ್ಧ ರೂಪದ ವಿಟಮಿನ್ ಎ) ಕೊಟ್ಟೆ. ಕಣ್ಣು ತೆರೆಯಲಿಲ್ಲ. ತಿಂಗಳಿಗೆರಡು ಸಲ ರೆಟಿನಾಲ್ ಇರುವ ಪುಡಿಯನ್ನು ಹುಳುಗಳಿಗೆ ಸವರುತ್ತಿದ್ದ ನನ್ನ ಪ್ರಾಣಿಗೆ ಆ ಕೊರತೆ ಇರುವ ಸಾಧ್ಯತೆಯೇ ಕಡಿಮೆಯಿತ್ತು. ದೇಹವೇ ವಿಟಮಿನ್ ಎ ಆಗಿ ಮಾರ್ಪಡಿಸಿಕೊಳ್ಳಬೇಕಾದ ಬೀಟಾ ಕ್ಯಾರೊಟಿನ್ ಮಾತ್ರ ಕೊಡುವವರ ಲೆಕ್ಕ ಬೇರೆಯಾದೀತು. ವಿಟಮಿನ್ ಎ ಅತಿಯಾದರೆ ಚರ್ಮ ಕಿತ್ತು ಬರುವ ಅಪಾಯವಿದೆ ಎಂದು ವೈದ್ಯರು ತಡೆದ ಮೇಲೆ ಅದನ್ನು ಕೈಬಿಟ್ಟೆ.

ನಿಜವಾದ ಕಾರಣ ತಲೆಯ ಮೇಲೇ ಉರಿಯುತ್ತಿತ್ತು. ಕಣ್ಣುಗಳು ಮುಚ್ಚುವ ಮೊದಲು ಉದ್ದ ಕೊಳವೆ ದೀಪ ಕೆಟ್ಟಾಗ ಸುರುಳಿಯಾಕಾರದ ಯುವಿಬಿ (ನೇರಳಾತೀತ ಕಿರಣ ಸೂಸುವ) ಬಲ್ಬನ್ನು ತೀರ ಹತ್ತಿರಕ್ಕೆ ಕಟ್ಟಿದ್ದೆ. ನೇರಳಾತೀತ ಕಿರಣದ ತೀವ್ರತೆ ಬರಿಗಣ್ಣಿಗೆ ಗೊತ್ತಾಗದು. ಬೆಳಕು ಸೌಮ್ಯವಾಗಿದೆ ಎಂದು ನಾನು ನಿಶ್ಚಿಂತನಾಗಿದ್ದರೆ, ಪ್ರಾಣಿಯ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಸುಡುತ್ತಿತ್ತು. ಬಲ್ಬನ್ನು ತೆಗೆದು, ಹೊಸ ಕೊಳವೆ ದೀಪವನ್ನು ಪ್ರಾಣಿಯ ಬೆನ್ನಿನಿಂದ ಸುಮಾರು 25 ಸೆಂಟಿಮೀಟರ್ ಎತ್ತರದಲ್ಲಿ ಮತ್ತೆ ಕೂರಿಸಿದ ಮೂರನೆಯ ದಿನ ಬಲಗಣ್ಣು ತೆರೆಯಿತು.

ಎಡಗಣ್ಣು ತೆರೆಯಲಿಲ್ಲ. ವೈದ್ಯರು ಬಣ್ಣದ ಹನಿ ಹಾಕಿ ನೀಲಿ ಬೆಳಕಿನಲ್ಲಿ ನೋಡಿದಾಗ ಕಾರ್ನಿಯಾದ ಮೇಲೆ ಹಸಿರು ಗೀರು ಕಾಣಿಸಿತು. ಕೊಂಬೆಗೆ ಉಜ್ಜಿಕೊಂಡು ಆದ ಗಾಯವಿರಬೇಕು. ಅದಕ್ಕೆ ಪ್ರತಿಜೀವಕದ ಹನಿಗಳನ್ನು ದಿನಕ್ಕೆ ಮೂರು ಸಲ ಏಳು ದಿನ ಹಾಕಲು ಹೇಳಿದರು. ಮನೆಯಲ್ಲಿ ಉಳಿದಿದ್ದ, ಸ್ಟಿರಾಯ್ಡ್ ಬೆರೆತ ಕಣ್ಣಿನ ಔಷಧವೊಂದನ್ನು ಹಿಂದಿನ ರಾತ್ರಿ ಬಳಸಲು ಮುಂದಾಗಿದ್ದೆ ಎಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ, ಏಕೆಂದರೆ ಸ್ಟಿರಾಯ್ಡ್ ಇಂಥ ಗಾಯ ಮಾಯುವುದನ್ನು ತಡೆಯುತ್ತದೆ. ಹನಿ ಹಾಕುವ ಕಲೆಯೂ ಈ ವೇಳೆಗೆ ಕೈಗೆ ಹತ್ತಿತ್ತು: ಪ್ರಾಣಿಯನ್ನು ಹಿಡಿಯದೆ, ಸಿಂಪಡಣೆ ಮುಗಿದು ಅದು ಕಣ್ಣು ಹೊರಳಿಸುತ್ತಿರುವಾಗ ಮೇಲಿನಿಂದ ಒಂದೇ ಹನಿ ಬೀಳಿಸಿದರೆ ಅದು ಒಳಗೆ ಇಳಿಯುತ್ತದೆ. ಐದನೆಯ ದಿನ ಎಡಗಣ್ಣೂ ತೆರೆಯಿತು.

ಗೋಪುರವೇ ಊದಿಕೊಂಡು ಗಟ್ಟಿಯಾಗಿದ್ದರೆ ಮಾತ್ರ ಈ ಯಾವುದನ್ನೂ ಮನೆಯಲ್ಲಿ ಪ್ರಯೋಗಿಸುವಂತಿಲ್ಲ. ಸರೀಸೃಪಗಳ ಕೀವು ನಮ್ಮದರಂತೆ ದ್ರವವಾಗಿರದೆ ಗಿಣ್ಣಿನಂತೆ ಗಟ್ಟಿಯಾಗಿರುವುದರಿಂದ ಹನಿಗಳಿಂದ ಕರಗುವುದಿಲ್ಲ, ವೈದ್ಯರೇ ಕೊಯ್ದು ತೆಗೆಯಬೇಕಾಗುತ್ತದೆ.