ಮನೆಯೊಳಗೆ ಗಾರ್ಡೇನಿಯಾ: ಗಿಡಕ್ಕೆ 5ಕ್ಕೆ 5, ಮಣ್ಣಿಗೆ 2

ಪರಿಮಳದ ಬಿಳಿ ಹೂ ಬಿಡುವ ಗಾರ್ಡೇನಿಯಾ ಗಿಡವನ್ನು ಶಿವಮೊಗ್ಗದಲ್ಲಿ ಮನೆಯೊಳಗೆ ಬೆಳೆಸಬಹುದಾ? ಖಂಡಿತ ಬೆಳೆಸಬಹುದು, ಒಳ್ಳೆ ಬೆಳಕಿನ ಕಿಟಕಿ ಇದ್ದರೆ. ವಿನೋಬನಗರದ ನಮ್ಮ ಮನೆಯ ಪೂರ್ವದ ಕಿಟಕಿಯಲ್ಲಿ ಈಗ ಕುಂಡದ ತುಂಬಾ ಮೊಗ್ಗು. ಗಿಡ ತಂದಿದ್ದು ಊರಿನ ಒಂದು ನರ್ಸರಿಯಿಂದ, ₹250ಕ್ಕೆ.

ಗಿಡದ ಬಗ್ಗೆ ಎರಡು ಮಾತಿಲ್ಲ. ಕಡುಹಸಿರು ಎಲೆ, ಎಣ್ಣೆ ಸವರಿದಂಥ ಹೊಳಪು. ಅಂಗಡಿಯ ಹುಡುಗ ಕುಂಡ ಓರೆ ಮಾಡಿ ತಳದ ತೂತಿನಲ್ಲಿ ಬಿಳಿ ಬೇರು ತೋರಿಸಿದ. ಎಲೆಗಳ ಸಂದು ಬಿಡಿಸಿ ಹಿಟ್ಟು ತಿಗಣೆ ಇಲ್ಲ ಅಂತ ಖಾತ್ರಿ ಮಾಡಿಕೊಟ್ಟ. "ಅಕ್ಕಾ, ಮೊಗ್ಗು ಬಂದ ಮೇಲೆ ಕುಂಡದ ಜಾಗ ಬದಲಿಸ್ಬೇಡಿ, ಉದುರಿಹೋಗುತ್ತೆ" ಅಂದ. ಇಷ್ಟು ಹೇಳಿ ಕಳಿಸುವವರು ಎಲ್ಲಿ ಸಿಗುತ್ತಾರೆ?

ಬೇಜಾರಾಗಿದ್ದು ಬೇರೆ ಎರಡು ವಿಷಯಕ್ಕೆ. ಕುಂಡಕ್ಕೆ ಅಂಟಿಸಿದ ಚೀಟಿಯಲ್ಲಿ "ನೆರಳಲ್ಲೂ ಬೆಳೆಯುತ್ತದೆ" ಅಂತಿದೆ. ನೆರಳಲ್ಲಿ ಎಲೆ ಉಳಿದೀತು, ಹೂ ಬರುವುದಿಲ್ಲ. ಮಳೆಗಾಲದ ನಮ್ಮ ಮೋಡದಲ್ಲಂತೂ ಕಿಟಕಿಯಿಂದ ದೂರ ಇಟ್ಟರೆ ಮುಗಿಯಿತು. ಇನ್ನೊಂದು, ಜೊತೆಗೆ ಕೊಟ್ಟ ಮಣ್ಣು. ಬರೀ ಜೇಡಿ, ನೀರು ಬಸಿಯುವುದೇ ಇಲ್ಲ. ಕೋಕೋಪೀಟ್, ಕೊಳೆತ ದರಗು, ಸ್ವಲ್ಪ ಮರಳು ಕಲಸಿ ನಾನೇ ಬೇರೆ ಕುಂಡಕ್ಕೆ ಹಾಕಿದೆ.

ನಿಜವಾಗಿ ಗಮನ ಬೇಕಾಗಿರುವುದು ನೀರಿಗೆ. ಈ ಗಿಡಕ್ಕೆ ಹುಳಿ ಮಣ್ಣು ಬೇಕು, ಪಿಹೆಚ್ (ಹುಳಿಯ ಅಳತೆ) 5ರಿಂದ 6. ನಮ್ಮ ಬೋರ್ ನೀರು ಗಡಸು. ಅದನ್ನೇ ಹಾಕುತ್ತಾ ಹೋದರೆ ಮಣ್ಣಿನ ಹುಳಿ ಕಡಿಮೆಯಾಗಿ, ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಆಗ ಚಿಗುರೆಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಹಾಗೆ ಕಂಡರೆ ಗೊಬ್ಬರದ ಅಂಗಡಿಯಲ್ಲಿ ಚಿಲೇಟೆಡ್ ಕಬ್ಬಿಣ, ಅಂದರೆ ಬೇರಿಗೆ ಸುಲಭವಾಗಿ ಸಿಗುವ ರೂಪದ ಕಬ್ಬಿಣ, ಕೇಳಿ. ಅದಕ್ಕಿಂತ ಒಳ್ಳೆಯದು ಚಾವಣಿಯ ಮಳೆನೀರು. ಮಲೆನಾಡಲ್ಲಿ ಅದಕ್ಕೆ ಬರ ಇಲ್ಲ ಅಲ್ವಾ? ಒಂದು ಡ್ರಮ್ ಇಟ್ಟುಕೊಂಡರೆ ಸಾಕು.

ನಮ್ಮ ಅತ್ತೆ ತೀರ್ಥಹಳ್ಳಿ ಕಡೆಯವರು. ಅಲ್ಲಿ ಮಣ್ಣಿನ ಹುಳಿ ಕಳೆಯಲಿ ಅಂತ ಅಡಿಕೆ ತೋಟಕ್ಕೆ ಸುಣ್ಣ ಹಾಕುತ್ತಾರೆ. "ಇದಕ್ಕೂ ಒಂದು ಚಿಟಿಕೆ ಹಾಕೇ" ಅಂದರು. "ಬೇಡ ಅತ್ತೆ, ಇದಕ್ಕೆ ಆ ಹುಳಿಯೇ ಬೇಕು" ಅಂದೆ.

ರಾತ್ರಿ 15ರಿಂದ 18 ಡಿಗ್ರಿ ತಂಪಿದ್ದರೆ ಮೊಗ್ಗು ಚೆನ್ನಾಗಿ ಕಟ್ಟುತ್ತದೆ. ನಮ್ಮ ಚಳಿಗಾಲ ಅದಕ್ಕೆ ಹೇಳಿ ಮಾಡಿಸಿದ್ದು. ಬೇಸಿಗೆಯಲ್ಲಿ ಕುಂಡದ ಕೆಳಗಿನ ತಟ್ಟೆಯಲ್ಲಿ ಜಲ್ಲಿಕಲ್ಲು, ನೀರು ಹಾಕಿಡಿ. ಬೇರು ನೀರಿಗೆ ತಾಗಬಾರದು. ಫ್ಯಾನಿನ ಗಾಳಿ ನೇರವಾಗಿ ಬೇಡ.

ಮೊಗ್ಗನ್ನು ಹತ್ತಿರದಿಂದ ನೋಡಿ. ಎಸಳು ತಿರುಚಿ ಸುತ್ತಿಕೊಂಡಿರುತ್ತದೆ, ಹಸಿರಿನ ನಡುವೆ ಸಣ್ಣ ಬಿಳಿ ಗೆರೆ. ಅರಳಿದಾಗ ಅಚ್ಚ ಬಿಳಿ, ಹಳತಾಗುತ್ತಾ ಕೆನೆಬಣ್ಣ. ಒಂದೇ ಹೂವಿನ ಪರಿಮಳ ಹಜಾರಕ್ಕೆಲ್ಲ ಸಾಕು. ಇದಕ್ಕೆ ₹250 ಏನೂ ಜಾಸ್ತಿ ಅಲ್ಲ, ಇನ್ನೊಂದು ಗಿಡ ಖಂಡಿತ ತರುತ್ತೇನೆ.

ಅಂಗಡಿಯವರಲ್ಲಿ ಒಂದೇ ಕೋರಿಕೆ. ಆ ನೆರಳಿನ ಚೀಟಿ ತೆಗೆಯಿರಿ, ಹುಡುಗ ನನಗೆ ಹೇಳಿದ ಮಾತನ್ನೇ ಅಲ್ಲಿ ಬರೆಯಿರಿ.