ಸೀಲ್ ಕೂಡ ಒಡೆದಿರಲಿಲ್ಲ: ಇ.ಬಿ. ಮಕ್ಕಳ ಅಪ್ಪ ಅಮ್ಮಂದಿರು ದಯವಿಟ್ಟು ಓದಿ

ಹೋದ ವಾರ ಕೋಲಾರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮಗನ ಹುಳುಕು ಹಲ್ಲು ಕೀಳಿಸಿದೆ. ಹಲ್ಲಿನ ಜೊತೆ ಕೆನ್ನೆಯ ಚರ್ಮವೂ ಬಂತು. ಬರೆಯುವಾಗ ಇನ್ನೂ ಕೈ ನಡುಗುತ್ತಿದೆ.

ಅವನಿಗೆ ಆರು ವರ್ಷ. ಡಿಸ್ಟ್ರೋಫಿಕ್ ಎಪಿಡರ್ಮೊಲೈಸಿಸ್ ಬುಲ್ಲೋಸ, ಅಂದರೆ ಇ.ಬಿ., ಚರ್ಮ ಸುಲಭವಾಗಿ ಕಿತ್ತುಬರುವ ಕಾಯಿಲೆ. ಚರ್ಮದ ಪದರ ಹಿಡಿದಿಡುವ ಕೊಲಾಜನ್ 7 ಅನ್ನೋ ಪ್ರೋಟೀನ್ ಸರಿಯಿಲ್ಲ. ಮೆತ್ತಗೆ ಒತ್ತಿದರೆ ತಡೆಯುತ್ತದೆ, ಉಜ್ಜಿದರೆ ಬೊಬ್ಬೆ. ಅಂಟಿಸಿ ಕಿತ್ತರಂತೂ ಮುಗೀತು.

ಇದನ್ನೆಲ್ಲ ಅರಿವಳಿಕೆ ಡಾಕ್ಟರಿಗೆ ಹಿಂದಿನ ದಿನವೇ ಹೇಳಿದ್ದೆ. ಬರೀ ಹೇಳಿದ್ದಲ್ಲ, ಬರೆದೇ ಕೊಟ್ಟಿದ್ದೆ. ಮಾಸ್ಕಿನ ಅಂಚಿಗೆ, ಗ್ಲೌಸಿಗೆ ವ್ಯಾಸಲಿನ್ ಸವರಿ. ಬಿಪಿ ಪಟ್ಟಿ ಕೆಳಗೆ ಹತ್ತಿ ಸುತ್ತಿ. ಇಸಿಜಿ ಸ್ಟಿಕ್ಕರ್ ನೇರವಾಗಿ ಅಂಟಿಸಬೇಡಿ. ಕಣ್ಣಿಗೆ ಮುಲಾಮು ಸಾಕು, ಟೇಪ್ ಬೇಡ. ಬಾಯಿ ಪೂರ್ತಿ ತೆರೆಯಲ್ಲ, ಉಸಿರಾಟಕ್ಕೆ ಹಾಕುವ ಟ್ಯೂಬಲ್ಲಿ ಸಣ್ಣದೂ ಇಟ್ಟುಕೊಳ್ಳಿ. ಚರ್ಮ ಕೀಳದೆ ಬಿಡುವ ಸಿಲಿಕೋನ್ ಟೇಪ್ ಮಾತ್ರ ಬಳಸಿ.

"ಗೊತ್ತಮ್ಮ, ಇಂಥ ಕೇಸ್ ಎಷ್ಟೋ ನೋಡಿದ್ದೀವಿ" ಅಂದರು. ಸ್ಪೆಷಲ್ ಕೇಸ್ ಅಂತ ನಾಲ್ಕು ಸಾವಿರ ಜಾಸ್ತಿ ಕಟ್ಟಿಸಿಕೊಂಡರು. ಗೊತ್ತು ಅಂದರಲ್ಲ, ಸಾಕು ಅಂತ ಕಟ್ಟಿದೆ. ದಡ್ಡಿ ನಾನು.

ಟೇಪನ್ನು ಬೆಂಗಳೂರಿಂದ ನಾನೇ ತರಿಸಿ ನರ್ಸ್ ಕೈಗೆ ಕೊಟ್ಟಿದ್ದೆ. ಆಪರೇಷನ್ ಆದಮೇಲೆ ಮಗನ ಬಟ್ಟೆ ಜೊತೆ ಆ ಕವರ್ ವಾಪಸ್ ಬಂತು. ತೆಗೆದು ನೋಡಿದೆ. ಸೀಲ್ ಕೂಡ ಒಡೆದಿರಲಿಲ್ಲ! ಅಲ್ಲೇ ಬೆಂಚ್ ಮೇಲೆ ಕೂತುಬಿಟ್ಟೆ. ಆಮೇಲೆ ಮಗುವನ್ನು ನೋಡಿದರೆ, ಎದೆ ಮೇಲೆ ಇಸಿಜಿ ಸ್ಟಿಕ್ಕರ್ ಅಂಟಿಸಿದ್ದ ಮೂರು ಕಡೆ ಒಂದು ರೂಪಾಯಿ ನಾಣ್ಯದಷ್ಟು ದುಂಡಗೆ ಚರ್ಮವೇ ಇಲ್ಲ. ಕೆನ್ನೆಯಲ್ಲಿ ಟ್ಯೂಬಿಗೆ ಹಾಕಿದ ಪ್ಲಾಸ್ಟರಿನ ಅಳತೆಗೆ ಸರಿಯಾಗಿ ಒಂದು ಕೆಂಪು ಪಟ್ಟಿ.

ಕೇಳಿದರೆ ಏನಂದರು ಗೊತ್ತಾ? "ಪ್ಲಾಸ್ಟರ್ ಅಲರ್ಜಿ ಇದ್ದರೆ ಮೊದಲೇ ಹೇಳಬೇಕು ಅಲ್ವಾ?" ಅಲರ್ಜಿಯಂತೆ! ಬರೆದುಕೊಟ್ಟ ಚೀಟಿ ಎಲ್ಲಿ ಅಂದೆ. ಫೈಲಲ್ಲಿ ಇಲ್ಲ. "ಕನ್ಸೆಂಟಿಗೆ ಸೈನ್ ಮಾಡಿದ್ದೀರಲ್ಲ" ಅಂದರು. ಸೈನ್ ಮಾಡಿದ್ದು ಅರಿವಳಿಕೆಗೆ, ಚರ್ಮ ಸುಲಿಯೋದಕ್ಕಲ್ಲ. ತಪ್ಪಿ ಅಂಟಿಸಿದ್ದರೂ ಅಂಟು ಸಡಿಲಿಸುವ ಸಿಲಿಕೋನ್ ರಿಮೂವರ್ ಹಾಕಿ ನಿಧಾನ ಬಿಡಿಸಬಹುದಿತ್ತು. ಅದೂ ನನ್ನ ಕವರಲ್ಲೇ ಇತ್ತು. ಎಳೆದು ಕಿತ್ತಿದ್ದಾರೆ.

"ಗೊತ್ತು" ಅಂದರೆ ನಂಬಬೇಡಿ. ಟೇಪ್ ಯಾವುದು, ಟ್ಯೂಬ್ ಹೇಗೆ ಕಟ್ಟುತ್ತೀರಿ ಅಂತ ಅವರ ಬಾಯಲ್ಲೇ ಹೇಳಿಸಿ. ಚೀಟಿ ಕೊಡುವ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳಿ, ನಾನು ತೆಗೆಯಲಿಲ್ಲ. ಟೇಪಿನ ಕವರನ್ನು ಒಟಿ ಬಾಗಿಲಲ್ಲಿ ನೀವೇ ಹರಿದು ಕೊಡಿ.

ನಾಲ್ಕು ಸಾವಿರ ವಾಪಸ್ ಕೇಳಿದ್ದಕ್ಕೆ "ಸರ್ ರಜೆ, ಸೋಮವಾರ ಬನ್ನಿ" ಅಂದಿದ್ದಾರೆ.