ನೆರಳಿನ ಕೊಳದ ದಡಕ್ಕೆ: ನರ್ಸರಿ ಗಿಡವೋ, ಬಚ್ಚಲ ಬದಿಯ ಗಿಡವೋ?

ನಮ್ಮ ಹಿತ್ತಲಿನ ಹಲಸಿನ ಮರದಡಿ ಒಂದು ಪುಟ್ಟ ಕೊಳ ಇದೆ. ಎಂಟು ಅಡಿ ಉದ್ದ, ಐದು ಅಡಿ ಅಗಲ, ಎರಡಡಿ ಆಳ. ಕೆಂಪುಕಲ್ಲು ಕಟ್ಟಿ ಒಳಗೆ ಸಿಮೆಂಟ್ ಬಳಿಸಿದ್ದು. ತಾವರೆ ಬೆಳೆಸಬೇಕು ಎಂದು ಮಾಡಿಸಿದ್ದೆ. ತಾವರೆಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು ಎಂದು ಗೊತ್ತಾದದ್ದು ಸಿಮೆಂಟ್ ಒಣಗಿದ ಮೇಲೆ. ಇಲ್ಲಿ ಬಿಸಿಲು ಬೀಳುವುದು ಬೆಳಿಗ್ಗೆ ಒಂದು ಗಂಟೆ, ಅದೂ ಎಲೆಗಳ ಸಂದಿಯಿಂದ. ನೀರಿಗೆ ಗಪ್ಪಿ ಮೀನು ಬಿಟ್ಟೆ, ಸೊಳ್ಳೆ ಮರಿ ತಿನ್ನಲಿ ಎಂದು. ದಡಕ್ಕೆ ಏನು ನೆಡುವುದು ಎನ್ನುವುದು ಮಾತ್ರ ಎರಡು ವರ್ಷ ತಲೆ ತಿಂದಿತು.

ಉಡುಪಿ ಹತ್ತಿರದ ಪರ್ಕಳದ ನಮ್ಮ ಜಾಗದಲ್ಲಿ ನೆರಳು ಒಂದೇ ಸಮಸ್ಯೆಯಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಡದ ಮಣ್ಣು ಗಂಜಿಯ ಹಾಗೆ ಇರುತ್ತದೆ. ಏಪ್ರಿಲ್, ಮೇಯಲ್ಲಿ ಬಾವಿಯೇ ತಳ ಕಾಣುವಾಗ ಕೊಳಕ್ಕೆ ನೀರು ಎಲ್ಲಿಂದ ತರುವುದು? ಒಂದೇ ಗಿಡ ಎರಡನ್ನೂ ತಡೆಯಬೇಕು. ಹುಡುಕಿದರೆ ಸಿಗುವ ಪಟ್ಟಿಗಳಲ್ಲಿ ಹೋಸ್ಟಾ, ಆಸ್ಟಿಲ್ಬೆ ಎಂದೆಲ್ಲ ಇರುತ್ತದೆ. ಅವಕ್ಕೆ ಚಳಿಗಾಲದಲ್ಲಿ ಒಂದು ನಿದ್ದೆ ಆಗಬೇಕು. ಡಿಸೆಂಬರ್‌ನಲ್ಲೂ ಫ್ಯಾನ್ ಹಾಕಿ ಮಲಗುವ ಊರಿನಲ್ಲಿ ಅವು ಎಲ್ಲಿ ನಿದ್ದೆ ಮಾಡುತ್ತವೆ?

ನಾನು ನರ್ಸರಿಗೆ ಹೊರಟಾಗ ಅತ್ತೆ, "ಬಚ್ಚಲ ನೀರು ಹೋಗುವಲ್ಲಿ ಇಷ್ಟು ಗಿಡ ಉಂಟಲ್ಲ, ದುಡ್ಡು ಕೊಟ್ಟು ತರುವುದು ಎಂತಕ್ಕೆ?" ಎಂದರು. ಸರಿ, ಎರಡನ್ನೂ ನೆಟ್ಟೇ ನೋಡುವ ಎಂದೆ. 2022ರ ಜೂನ್‌ನಲ್ಲಿ ಕೊಳದ ಒಂದು ಬದಿಗೆ ನರ್ಸರಿ ಗಿಡ, ಎದುರು ಬದಿಗೆ ಅತ್ತೆಯ ಗಿಡ.

ದೊಡ್ಡ ಪೈಪೋಟಿ ಪೀಸ್ ಲಿಲಿಗೂ ಸುಗಂಧಿಗೂ. ಪೀಸ್ ಲಿಲಿ ನಾಲ್ಕು ತಂದೆ, ಒಂದಕ್ಕೆ 120 ರೂಪಾಯಿ. ಮೊದಲ ತಿಂಗಳು ಎಂಥ ಚಂದ! ಕಡು ಹಸಿರು ಎಲೆ, ನಡುವೆ ದೋಣಿಯ ಹಾಯಿಯ ಹಾಗೆ ಬಿಳಿ ಹೂ. ಕತ್ತಲೆ ಮೂಲೆಯಲ್ಲೂ ಹೂ ಬಿಟ್ಟಿತು, ಅದನ್ನು ಮೆಚ್ಚಲೇಬೇಕು. ಒದ್ದೆ ಬೇರನ್ನೂ ಸಹಿಸುತ್ತದೆ. ಸಹಿಸದೆ ಹೋದದ್ದು ಮೇಲಿನಿಂದ ಬೀಳುವ ನೀರನ್ನು. ಹಲಸಿನ ಎಲೆಯಿಂದ ದಪ್ಪ ದಪ್ಪ ಹನಿ ದಿನವಿಡೀ ತೊಟ್ಟಿಕ್ಕಿ ಎಲೆಯೆಲ್ಲ ಕಂದು ಚುಕ್ಕೆ. ಉಳಿದದ್ದನ್ನು ಬಸವನಹುಳು ಮೇಯ್ದಿತು. ಎರಡು ಗಿಡ ಮಳೆಗಾಲದಲ್ಲಿ ಹೋದವು. ಇನ್ನೊಂದು ಏಪ್ರಿಲ್‌ನಲ್ಲಿ ಎರಡು ದಿನ ನೀರು ತಪ್ಪಿದ್ದಕ್ಕೆ ನೆಲಕ್ಕೆ ಒರಗಿತು. ನೀರು ಹಾಕಿದ ಕೂಡಲೇ ಎದ್ದು ನಿಂತಿತು, ನಿಜ. ಆದರೆ ಹೀಗೆ ಬೀಳುವುದು ಏಳುವುದು ನಾಲ್ಕು ಸಲ ಆದ ಮೇಲೆ ಅದಕ್ಕೂ ಸಾಕಾಯಿತು, ನನಗೂ.

ಸುಗಂಧಿ ಬೇರೆಯೇ ಜಾತಿ. ಶುಂಠಿಯಂಥ ಗೆಡ್ಡೆ, ನಾಲ್ಕೈದು ಅಡಿ ಎತ್ತರದ ದಂಟು, ತುದಿಯಲ್ಲಿ ಚಿಟ್ಟೆಯಂಥ ಬಿಳಿ ಹೂ. ದೂರದ ಕ್ಯೂಬಾ ದೇಶದವರು ಇದನ್ನು ರಾಷ್ಟ್ರೀಯ ಹೂವು ಮಾಡಿಕೊಂಡಿದ್ದಾರೆ. ನಮ್ಮಲ್ಲಿ ಬಚ್ಚಲ ಬದಿಗೆ ತಳ್ಳಿದ್ದೇವೆ. ಮೂರು ಗೆಡ್ಡೆ ನೆಟ್ಟಿದ್ದೆ. ಮೊದಲ ಮಳೆಗಾಲ ಬರೀ ಎಲೆ. ಎರಡನೆಯ ವರ್ಷ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹೂವೇ ಹೂವು. ಸಂಜೆ ಮಳೆ ಬಿಟ್ಟ ಹೊತ್ತಿಗೆ ಹಿತ್ತಲ ಬಾಗಿಲು ತೆಗೆದರೆ ಅಡುಗೆಮನೆಯೊಳಗೆ ಪರಿಮಳ. ಬೆಳಗಿನ ಬಿಸಿಲು ತಾಗುವ ತುದಿಯ ಗಿಡದಲ್ಲಿ ಹೂ ಜಾಸ್ತಿ, ಮರದ ಬುಡಕ್ಕೆ ಹತ್ತಿರ ಇದ್ದದ್ದರಲ್ಲಿ ಎರಡೋ ಮೂರೋ ಗೊಂಚಲು. ಗಾಳಿ ಮಳೆಗೆ ದಂಟು ನೀರಿನ ಮೇಲೆ ಮಗುಚಿಕೊಳ್ಳುತ್ತದೆ, ಕೋಲು ಕೊಟ್ಟು ಕಟ್ಟಬೇಕು. ಬೇಸಿಗೆಯಲ್ಲಿ ನೋಡಿದರೆ ಸತ್ತೇ ಹೋಯಿತು ಅನಿಸುತ್ತದೆ. ಗೆಡ್ಡೆ ಕೆಳಗೆ ಸುಮ್ನೆ ಕೂತಿರುತ್ತದೆ, ಅಷ್ಟೇ. ವರ್ಷವಿಡೀ ಹಸಿರೇ ಕಾಣಬೇಕು ಎನ್ನುವವರಿಗೆ ಇದು ಬೇಡ. ನನಗೆ ಆ ಎರಡು ತಿಂಗಳ ಒಣ ದಂಟು ಪರವಾಗಿಲ್ಲ.

ಎಲೆಯ ಅಂದಕ್ಕೆ ಕೆಸುವನ್ನು ಮೀರಿಸುವ ಗಿಡ ಇಲ್ಲ. ನೆರಳಲ್ಲಿ ಎಲೆ ಇನ್ನೂ ಅಗಲ, ತೆಳು. ಮೇಲೆ ಬಿದ್ದ ಮಳೆಹನಿ ಪಾದರಸದ ಹಾಗೆ ಉರುಳಿ ಜಾರುತ್ತದೆ, ಹಾಗಾಗಿ ಪೀಸ್ ಲಿಲಿಗೆ ಬಂದ ಚುಕ್ಕೆ ರೋಗ ಇದರ ಹತ್ತಿರ ಸುಳಿಯಲಿಲ್ಲ. ಎರಡರ ಎಲೆಯಲ್ಲೂ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಇರುತ್ತದೆ, ತುರಿಕೆ ಅದರದ್ದೇ. ನಮ್ಮ ನಾಯಿ ಒಮ್ಮೆ ಪೀಸ್ ಲಿಲಿ ಎಲೆ ಕಚ್ಚಿ ಅರ್ಧ ದಿನ ಜೊಲ್ಲು ಸುರಿಸಿತು. ಕೆಸುವಿಗಾದರೆ ಹುಳಿ ಹಾಕಿ, ಹಬೆಯಲ್ಲಿ ಬೇಯಿಸಿ ಪತ್ರೊಡೆ ಮಾಡಬಹುದು. ಮಳೆಗಾಲದ ಆಟಿ ತಿಂಗಳಲ್ಲಿ ಮಾಡಿಯೂ ಆಯಿತು. ನೀರಿನ ಬದಿಯದ್ದು ತುರಿಸುತ್ತದೆ ಎಂದು ಅತ್ತೆ ಹುಳಿಯನ್ನು ಜೋರಾಗಿಯೇ ಹಾಕಿದರು. ಅವರ ಓಟು ಹಲಸಿನ ಕವಲಲ್ಲಿ ತಾನಾಗಿ ಹುಟ್ಟುವ ಮರಕೆಸುವಿಗೆ. ಆದರೆ ಒಂದು ಎಚ್ಚರಿಕೆ. ಕೆಸು ಬಳ್ಳಿ ಬಿಟ್ಟು ಹಬ್ಬುತ್ತದೆ. ಎರಡನೆಯ ವರ್ಷ ಅರ್ಧ ದಡ ಅದರದ್ದೇ. ಈಗ ಅದನ್ನು ಬುಡ ತೂತಾದ ಹಳೆಯ ಬಕೆಟ್‌ನಲ್ಲಿ ಹಾಕಿ ಮಣ್ಣಲ್ಲಿ ಹೂತಿದ್ದೇನೆ.

ಬಜೆಯ ಮೇಲೆ ನನಗೆ ತುಂಬಾ ಆಸೆ ಇತ್ತು. ಕತ್ತಿಯಂಥ ಎಲೆ, ಮುರಿದರೆ ಘಮ, ಮಗುವಿಗೆ ತೇಯ್ದು ಹಾಕಿದ ನೆನಪು. ನೀರಿನಲ್ಲೇ ನಿಲ್ಲುವ ಗಿಡ. ಆದರೆ ನಮ್ಮ ನೆರಳು ಅದಕ್ಕೆ ಅತಿಯಾಯಿತು. ಸಪೂರ ಆಗಿ, ಬೆಳಕಿನ ಕಡೆ ವಾಲಿ ಮಲಗಿತು. ಬಾವಿಕಟ್ಟೆಯ ಬದಿ ಬಿಸಿಲಿಗೆ ಸಾಗಿಸಿದೆ, ಅಲ್ಲಿ ಸೆಟೆದು ನಿಂತಿದೆ. ಬಾಸ್ಟನ್ ಜರಿಗಿಡದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಮೇಯಲ್ಲಿ ಒಣಗಿತು, ಅದರ ಜಾಗದಲ್ಲಿ ಕೆಂಪುಕಲ್ಲಿನ ಸಂದಿಯಿಂದ ಊರಿನ ಜರಿಯೇ ಪುಕ್ಕಟೆ ಎದ್ದಿತು.

ಇನ್ನು ನೆಲ ಮುಚ್ಚುವ ಗಿಡ. ನರ್ಸರಿಯವರು ಹಳದಿ ಹೂವಿನ ವೆಡೇಲಿಯಾ ಕೊಟ್ಟರು, "ಇದು ಸಾಯುವುದೇ ಇಲ್ಲ" ಎಂದರು. ಸುಳ್ಳಲ್ಲ, ಅದೇ ತೊಂದರೆ. ನೆರಳಲ್ಲಿ ಹೂ ಬಿಡಲಿಲ್ಲ. ಗಿಣ್ಣು ಗಿಣ್ಣಿಗೆ ಬೇರು ಬಿಡುತ್ತಾ ನೀರಿಗೂ ಇಳಿಯಿತು, ಕಟ್ಟೆಯನ್ನೂ ಹತ್ತಿತು. ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರೂ ಇದೆ ಎಂದು ಓದಿದ್ದು ಆಮೇಲೆ. ಕಿತ್ತು ಮುಗಿಸಲು ಮೂರು ಭಾನುವಾರ ಬೇಕಾಯಿತು. ಈಗಲೂ ಅಲ್ಲೊಂದು ಇಲ್ಲೊಂದು ಇಣುಕುತ್ತದೆ. ಎದುರು ಬದಿಯ ತಿಮರೆ, ಅಂದರೆ ಒಂದೆಲಗ, ಇಷ್ಟೆಲ್ಲ ಗಲಾಟೆ ಮಾಡದೆ ಕಲ್ಲಿನ ಅಂಚನ್ನು ಮುಚ್ಚಿತು. ನೆರಳಿಗೆ ಎಲೆ ರೂಪಾಯಿ ನಾಣ್ಯಕ್ಕಿಂತ ದೊಡ್ಡದಾಗಿದೆ. ಬೇಸಿಗೆಯಲ್ಲಿ ದಿನಕ್ಕೆ ಒಂದು ಕೊಡಪಾನ ನೀರು ಕೇಳುತ್ತದೆ. ಬದಲಿಗೆ ವಾರಕ್ಕೊಮ್ಮೆ ಚಟ್ನಿಯೋ ತಂಬುಳಿಯೋ ಆಗುತ್ತದೆ. ಮೀನಿನ ನೀರು ತಾಗಿದ್ದು, ಚೆನ್ನಾಗಿ ತೊಳೆದುಕೊಳ್ಳಬೇಕು ಅಲ್ವಾ?

ನಾಲ್ಕನೆಯ ಪೀಸ್ ಲಿಲಿ ಈಗ ಜಗಲಿಯಲ್ಲಿ ಕುಂಡದಲ್ಲಿದೆ. ಮೇಲೆ ಹಂಚು ಇರುವುದರಿಂದ ಚೆನ್ನಾಗಿಯೇ ಇದೆ. ಕೊಳದಲ್ಲಿ ಹಲಸಿನ ಬುಡದ ಕಡೆ ಒಂದು ಮೊಳ ಜಾಗ ಮಾತ್ರ ಇನ್ನೂ ಖಾಲಿ. ಸುಗಂಧಿಗೆ ಅಲ್ಲಿ ಬೆಳಕು ಸಾಲದು, ತಿಮರೆಯನ್ನು ಮರದ ಬೇರು ಬಿಡುವುದಿಲ್ಲ. ಪಕ್ಕದ ಮನೆಯವರು ರಂಪೆಯ, ಅಂದರೆ ಅನ್ನಕ್ಕೆ ಪರಿಮಳಕ್ಕೆಂದು ಹಾಕುವ ಎಲೆಯ ಗಿಡದ, ಒಂದು ಮರಿ ಕೊಟ್ಟಿದ್ದಾರೆ. "ನೆರಳಲ್ಲಿ ಬರ್ತದೆ ಮಾರಾಯ್ತಿ, ನೆಟ್ಟು ನೋಡು" ಎಂದರು. ನೆಟ್ಟು ಮೂರು ವಾರ ಆಯಿತು. ಹೊಸ ಎಲೆ ಒಂದು ಬಂದಿದೆ. ಮೇ ಕಳೆಯಲಿ.